ಕಾರ್ಡಿಗೆ ತಲುಪದ ಸಾಲು

ಕಿವಿಯ ಡಾಕ್ಟರ್ ಬಾಯಿಯವರು, ನಮ್ಮ ಕಡೆ ಹೆಣ್ಣು ಡಾಕ್ಟರನ್ನು ಹಾಗೆಯೇ ಕರೆಯುವುದು, ಆ ಕಾರ್ಡನ್ನು ನನ್ನ ಕೈಗಿತ್ತಾಗ ಅದನ್ನು ಹಳೆಯ ಪೇಪರಿನಲ್ಲಿ ಸುತ್ತಿದ್ದರು. ಅವರ ಆಸ್ಪತ್ರೆ ಸೇಡಂ ರಸ್ತೆಯಲ್ಲಿ, ಔಷಧದ ಅಂಗಡಿಯೊಂದರ ಮೇಲಿನ ಮೂರು ಕೋಣೆಗಳಲ್ಲಿತ್ತು. ಆಯಿಯ ಕಿವಿ ಸೋರುತ್ತಿತ್ತು. ಅವಳನ್ನು ಕರೆದುಕೊಂಡು ವಾರಕ್ಕೊಮ್ಮೆ ಅಲ್ಲಿಗೆ ಹೋಗುತ್ತಿದ್ದೆ. ನಮ್ಮದು ಮರಾಠಿ ಮನೆಮಾತು, ತಾಯಿಗೆ ಆಯಿ ಎನ್ನುತ್ತೇವೆ. ತನ್ನ ಮಗಳು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆಂಬುದನ್ನು ಆಯಿ ಎದುರಿಗೆ ಸಿಕ್ಕ ಯಾರಿಗೂ ಹೇಳದೆ ಬಿಟ್ಟವಳಲ್ಲ. ಡಾಕ್ಟರಿಗೂ ಹೇಳಿದ್ದಳು.

"ಇದು ಕಿವಿ ಪರೀಕ್ಷಾ ಮಾಡೋ ಕಾರ್ಡು," ಎಂದರು ಡಾಕ್ಟರು. "ಕಂಪ್ಯೂಟರಿನ್ಯಾಗ ಹಾಕಿದ್ರ ಬೇಕಾದ ಸದ್ದು ಮಾಡ್ತದ. ದಪ್ಪ ಸದ್ದು, ತೆಳು ಸದ್ದು, ಜೋರು, ಸಣ್ಣ. ಎರಡು ವರ್ಷ ಚಂದ ನಡೀತು. ಹೋದ ತಿಂಗಳು ಹಾರ್ಡ್ ಡಿಸ್ಕ್ ಕೆಟ್ಟು ಪ್ರೋಗ್ರಾಮ್ ಎಲ್ಲಾ ಹೋತು. ಮಾಡಿದವರೂ ಕಂಪನಿ ಮುಚ್ಚ್ಯಾರ. ನಿಮ್ಮ ಕೈಲೆ ಏನರ ಆಗ್ತದೇನು ನೋಡ್ರಿ."

ಹೊಸ ಶತಮಾನ ಶುರುವಾಗಿ ಎರಡು ಮೂರು ವರ್ಷಗಳಾಗಿದ್ದವು. ನಾನು ಆಪರೇಟಿಂಗ್ ಸಿಸ್ಟಮ್ ಎಂಬ ವಿಷಯವನ್ನು ಎಂಟು ವರ್ಷದಿಂದ ಕಲಿಸುತ್ತ ಬಂದಿದ್ದೆ. ಶರಣಬಸವೇಶ್ವರ ಗುಡಿಯ ಕಡೆ ಹೋಗುವ ರಿಕ್ಷಾದಲ್ಲಿ ದಿನಾ ಕೂತು, ಅದೇ ನೋಟ್ಸನ್ನು ಮತ್ತೊಮ್ಮೆ ಕಣ್ಣಾಡಿಸಿ, ಅದೇ ಚಿತ್ರಗಳನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಆದರೆ ಒಂದು ಆಪರೇಟಿಂಗ್ ಸಿಸ್ಟಮ್‌ನ ಒಳಗೆ ಕೈ ಹಾಕಿ ಒಂದೇ ಒಂದು ಸಾಲು ಬರೆದವಳಲ್ಲ. ಈಜು ಬಾರದೆ ಈಜು ಕಲಿಸಿದ ಹಾಗೆ. ಇದು ಯಾರಿಗೂ ಗೊತ್ತಿರಲಿಲ್ಲ, ನನಗೆ ಮಾತ್ರ ಗೊತ್ತಿತ್ತು. ಅದಕ್ಕೇ ಇರಬೇಕು, ಆಗುತ್ತದೋ ಇಲ್ಲವೋ ಎಂದು ಯೋಚಿಸದೆ ಹೂಂ ಅಂದುಬಿಟ್ಟೆ.

ಕಾರ್ಡಿನ ಜೊತೆ ಉಳಿದಿದ್ದದ್ದು ಹನ್ನೆರಡು ಪುಟದ ಒಂದು ಪುಸ್ತಿಕೆ, ಮತ್ತು ತಂತಿ ಕಿತ್ತುಹೋದ ಒಂದು ಇಯರ್‌ಫೋನು. ಇಯರ್‌ಫೋನನ್ನು ಗಾಜಿಪುರದ ನಮ್ಮ ಮನೆಯಿಂದ ಎರಡು ಓಣಿ ಆಚೆ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ, ಓಣಿಯವರೆಲ್ಲ ಚಾಚಾ ಎಂದು ಕರೆಯುತ್ತಿದ್ದ ಹಿರಿಯರ ಹತ್ತಿರ ಒಯ್ದೆ. ಅಷ್ಟೊತ್ತಿಗೆ ರೇಡಿಯೋ ತರುವವರು ಕಡಿಮೆಯಾಗಿ ಅವರು ಮಿಕ್ಸರ್, ಇಸ್ತ್ರಿಪೆಟ್ಟಿಗೆ ರಿಪೇರಿಗೆ ಇಳಿದಿದ್ದರು. ಅರವತ್ತು ದಾಟಿದ್ದ ಮನುಷ್ಯ. ತಂತಿ ಬೆಸೆದು ಕೊಟ್ಟು, ಇದು ಯಾವುದರದು ಎಂದು ಕೇಳಿದರು. ಹೇಳಿದೆ. ಮರುದಿನ ಸಂಜೆ ಅಂಗಡಿ ಬೇಗ ಮುಚ್ಚಿ, ವಿದ್ಯುತ್ ಅಳೆಯುವ ತಮ್ಮ ಹಳೆಯ ಮೀಟರನ್ನು ಚೀಲದಲ್ಲಿ ಹಾಕಿಕೊಂಡು ಆಸ್ಪತ್ರೆಗೇ ಬಂದರು.

"ನಾನೂ ನೋಡ್ತೀನಿ ಬೇಟಿ," ಎಂದರು. "ಇಷ್ಟು ವರ್ಷ ಸದ್ದಿನ ಕೆಲಸಾನೇ ಮಾಡೀನಿ. ಮಿಕ್ಸರ್ ನೋಡಿ ನೋಡಿ ಸಾಕಾಗ್ಯಾದ."

ಅಂದಿನಿಂದ ಕಾಲೇಜು ಮುಗಿದ ಮೇಲೆ ನಾಲ್ಕರಿಂದ ಏಳರವರೆಗೆ ಆಸ್ಪತ್ರೆಯ ಒಳಕೋಣೆ ನಮ್ಮದಾಯಿತು.

ಕೆಲಸ ಏನೆಂದು ಸ್ವಲ್ಪ ಹೇಳಬೇಕು. ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೆ ಕರ್ನಲ್ ಎನ್ನುತ್ತಾರೆ. ನಾವು ಓಡಿಸುವ ಪ್ರೋಗ್ರಾಮುಗಳು ಯಂತ್ರವನ್ನು ನೇರವಾಗಿ ಮುಟ್ಟುವುದಿಲ್ಲ. ಕರ್ನಲ್ಲನ್ನು ಕೇಳುತ್ತವೆ, ಅದು ಮಾಡಿಕೊಡುತ್ತದೆ. ಹೊಸ ಕಾರ್ಡೊಂದನ್ನು ಹೇಗೆ ನಡೆಸಿಕೊಳ್ಳಬೇಕೆಂದು ಕರ್ನಲ್ಲಿಗೆ ಹೇಳಿಕೊಡುವ ಪ್ರೋಗ್ರಾಮಿಗೆ ಡ್ರೈವರ್ ಎಂದು ಹೆಸರು. ನಮ್ಮ ಕಾರ್ಡಿನ ಮೇಲೆ ಪುಟ್ಟ ಪುಟ್ಟ ಖಾನೆಗಳಿದ್ದವು. ಒಂದು ಖಾನೆಯಲ್ಲಿ ಅಂಕಿ ಬರೆದರೆ ಸದ್ದು ತೆಳುವಾಗುತ್ತದೆ ಇಲ್ಲವೆ ದಪ್ಪವಾಗುತ್ತದೆ. ಇನ್ನೊಂದರಲ್ಲಿ ಸದ್ದು ಎಷ್ಟು ಜೋರಿರಬೇಕೆಂದು ಬರೆಯಬೇಕು. ಮೂರನೆಯದು ಅಪ್ಪಣೆಯ ಖಾನೆ: ಅಲ್ಲಿ ಒಂದು ಎಂದು ಬರೆದರೆ ಕಾರ್ಡು ಹೊಸ ಜೋರನ್ನು ಒಳಗೆ ತೆಗೆದುಕೊಳ್ಳುತ್ತದೆ; ಕೂಡಲೇ ಅದೇ ಖಾನೆಯಲ್ಲಿ ಎರಡು ಎಂದು ಬರೆದರೆ ಸದ್ದು ಹೊರಡಿಸುತ್ತದೆ. ಕಂಪ್ಯೂಟರು ಈ ಖಾನೆಗಳಿಗೂ ತನ್ನ ಮೆಮರಿಗೆ ಕೊಟ್ಟ ಹಾಗೆಯೇ ವಿಳಾಸ ಕೊಟ್ಟಿರುತ್ತದೆ. ಆ ವಿಳಾಸಕ್ಕೆ ಬರೆದರೆ ಕಾರ್ಡಿಗೆ ಬರೆದಂತೆ.

ಮೊದಲ ದಿನ ಆ ವಿಳಾಸವನ್ನು ಪತ್ತೆಹಚ್ಚಿ, ಅದಕ್ಕೇ ನೇರವಾಗಿ ಬರೆದೆ. ಪರದೆ ತುಂಬ ಅಂಕಿಗಳು ಸುರಿದು ಕಂಪ್ಯೂಟರು ನಿಂತುಹೋಯಿತು. ಮತ್ತೆ ಶುರು ಮಾಡಿ ಮತ್ತೆ ಬರೆದೆ. ಮತ್ತೆ ನಿಂತಿತು. ಹೀಗೆ ನಾಲ್ಕು ಸಂಜೆ ಕಳೆದವು. ಕಾರಣ ಇಷ್ಟೇ: ಕಂಪ್ಯೂಟರಿನೊಳಗಿನ ತಂತಿಗಳ ಮೇಲೆ ಓಡುವ ವಿಳಾಸ ಬೇರೆ, ಕರ್ನಲ್ ಬಳಸುವ ವಿಳಾಸ ಬೇರೆ. ಕಾರ್ಡಿನ ಆ ಜಾಗವನ್ನು ನಿನ್ನ ಪಟ್ಟಿಯಲ್ಲಿ ಸೇರಿಸಿಕೋ ಎಂದು ಮೊದಲು ಕರ್ನಲ್ಲಿಗೆ ಹೇಳಬೇಕು, ಅದು ಕೊಡುವ ಹೊಸ ವಿಳಾಸಕ್ಕೆ ಬರೆಯಬೇಕು. ಇದನ್ನೇ ನಾನು ಎಂಟು ವರ್ಷ ಬಾಣದ ಗುರುತು ಎಳೆದು ಕಲಿಸಿದ್ದೆ. ಕಲಿಸಿದ್ದು ನನಗೇ ನೆನಪಾಗಲು ನಾಲ್ಕು ದಿನ ಬೇಕಾಯಿತು.

ಐದನೆಯ ಸಂಜೆ ಆ ಒಂದು ಸಾಲು ಸೇರಿಸಿದೆ. ಕಂಪ್ಯೂಟರು ನಿಲ್ಲಲಿಲ್ಲ. ಇಯರ್‌ಫೋನು ಕಿವಿಗೆ ಹಿಡಿದುಕೊಂಡಿದ್ದೆ. ಅದರಲ್ಲಿ ಸಣ್ಣದೊಂದು ಸದ್ದು ಬಂತು, ದೂರದಲ್ಲಿ ಯಾರೋ ಸೀಟಿ ಊದಿದ ಹಾಗೆ. ಇಯರ್‌ಫೋನನ್ನು ಚಾಚಾಗೆ ಕೊಟ್ಟೆ. ಅವರು ಕೇಳಿ, ತಲೆ ಆಡಿಸಿ, ಅದರ ತುದಿಗೆ ಮೀಟರ್ ಹಚ್ಚಿದರು.

"ಕಿವೀನ ನಂಬಬ್ಯಾಡ. ಕಿವಿ ಖುಷಿ ಆದಾಗ ಸುಳ್ಳು ಹೇಳ್ತದ," ಎಂದರು. "ಈಗ ನೀ ಜೋರು ಏರಿಸ್ಕೋತ ಹೋಗು. ನಾ ಮುಳ್ಳು ನೋಡ್ತೀನಿ."

ನಾನು ನಲವತ್ತು, ಐವತ್ತು, ಅರವತ್ತು ಎಂದು ಏರಿಸುತ್ತ ಹೋದೆ. ಮೀಟರಿನ ಮುಳ್ಳು ಹಂತ ಹಂತವಾಗಿ ಏರಿತು. ಚಾಚಾ ಪೆನ್ಸಿಲಿನಿಂದ ಸಿಗರೇಟು ಪ್ಯಾಕಿನ ಹಿಂದೆ ಎಲ್ಲವನ್ನೂ ಬರೆದುಕೊಂಡರು. ಡಾಕ್ಟರ್ ಬಾಯಿಯವರು ನಮ್ಮಿಬ್ಬರಿಗೂ ಚಹಾ ತರಿಸಿದರು. ಆ ಸಂಜೆ ಸೇಡಂ ರಸ್ತೆಯಲ್ಲಿ ರಿಕ್ಷಾ ಹುಡುಕದೆ ಅರ್ಧ ದಾರಿ ನಡೆದೇ ಬಂದದ್ದು ನೆನಪಿದೆ. ಎಂಟು ವರ್ಷದಲ್ಲಿ ಮೊದಲ ಸಲ ನಾನು ಕಲಿಸುವ ವಿಷಯ ನನ್ನದು ಅನ್ನಿಸಿತ್ತು.

ಡಾಕ್ಟರ್ ಬಾಯಿಯವರಿಗೆ ಒಂದೇ ಒಂದು ತಕರಾರಿತ್ತು. ಕೆಲಸ ಎಲ್ಲಿಯವರೆಗೆ ಬಂತೆಂದು ನನಗೆ ತಿಳಿಯಲೆಂದು, ಪ್ರತಿಯೊಂದು ಅಪ್ಪಣೆ ಕಾರ್ಡಿಗೆ ಹೋದಾಗಲೂ ಪರದೆಯ ಮೇಲೆ ಒಂದು ಸಾಲು ಮೂಡುವಂತೆ ಮಾಡಿದ್ದೆ. ‘ಜೋರು ತಗೊಂಡಿತು’ ಎಂದು ಒಂದು, ‘ಸದ್ದು ಹೊರಟಿತು’ ಎಂದು ಇನ್ನೊಂದು. ರೋಗಿಯ ಅಂಕಿಗಳ ಮೇಲೆಲ್ಲ ಈ ಸಾಲುಗಳು ಹರಿದಾಡುತ್ತಿದ್ದವು. "ಇವನ್ನ ತಗೀರಿ, ನನಗ ಏನೂ ಕಾಣಂಗಿಲ್ಲ," ಎಂದರು. ಬರುವ ಭಾನುವಾರ ಕಮಲಾಪುರದಲ್ಲಿ ಅವರು ಒಂದು ಶಿಬಿರ ಇಟ್ಟುಕೊಂಡಿದ್ದರು. ಅಲ್ಲಿಯ ತೊಗರಿಬೇಳೆ ಮಿಲ್ಲಿನ ಕೆಲಸಗಾರರು ದಿನವಿಡೀ ಯಂತ್ರಗಳ ಗದ್ದಲದಲ್ಲಿ ನಿಲ್ಲುತ್ತಿದ್ದರು. ಅವರ ಕಿವಿ ಪರೀಕ್ಷೆ ಮಾಡುವುದು ಡಾಕ್ಟರ ಬಹಳ ದಿನದ ಆಸೆ. ಶನಿವಾರ ನಾನು ಆ ಸಾಲುಗಳನ್ನೆಲ್ಲ ತೆಗೆದುಹಾಕಿ, ಡ್ರೈವರನ್ನು ಮತ್ತೆ ಕಂಪೈಲ್ ಮಾಡಿ, ಅಂದರೆ ಯಂತ್ರದ ಭಾಷೆಗೆ ಇಳಿಸಿ, ಇಯರ್‌ಫೋನು ಹಚ್ಚಿ ಕೇಳಿದೆ. ಸದ್ದು ಬಂತು. ಪರದೆ ಚೊಕ್ಕವಾಗಿತ್ತು. ಅಷ್ಟನ್ನೇ ನೋಡಿದೆ. ಚಾಚಾ ಅಂದು ಮದುವೆಗೆಂದು ಬೀದರಕ್ಕೆ ಹೋಗಿದ್ದರು. ಮೀಟರು ಹಚ್ಚುವವರು ಇರಲಿಲ್ಲ, ಹಚ್ಚಬೇಕೆಂದು ನನಗೂ ಅನ್ನಿಸಲಿಲ್ಲ.

ಭಾನುವಾರ ಡಾಕ್ಟರ ವ್ಯಾನಿನಲ್ಲಿ ಕಂಪ್ಯೂಟರನ್ನು ಎರಡು ದಿಂಬಿನ ನಡುವೆ ಇಟ್ಟುಕೊಂಡು ಕಮಲಾಪುರಕ್ಕೆ ಹೋದೆವು. ಮಿಲ್ಲಿನಿಂದ ದೂರವಿದ್ದ ಶಾಲೆಯ ಕೋಣೆಯೊಂದನ್ನು ಕೊಟ್ಟಿದ್ದರು. ಕಿಟಕಿಗಳಿಗೆ ಚಾದರ ಕಟ್ಟಿದೆವು. ಡಾಕ್ಟರು ಪಕ್ಕದ ಕೋಣೆಯಲ್ಲಿ ಕಿವಿಯೊಳಗೆ ದೀಪ ಬಿಟ್ಟು ನೋಡುತ್ತಿದ್ದರು. ಸದ್ದಿನ ಪರೀಕ್ಷೆ ನನ್ನ ಪಾಲಿಗೆ. ಪ್ರತಿ ಸದ್ದನ್ನೂ ನಲವತ್ತರಿಂದ ಶುರು ಮಾಡಬೇಕು. ಕೇಳಿದರೆ ಬೆರಳು ಎತ್ತುತ್ತಾರೆ. ಆಗ ಹತ್ತು ಹತ್ತು ಇಳಿಸುತ್ತ ಹೋಗಬೇಕು. ಕೇಳದಿದ್ದರೆ ಏರಿಸುತ್ತ ಹೋಗಬೇಕು. ಎಲ್ಲಿಗೆ ಬೆರಳು ನಿಲ್ಲುತ್ತದೋ ಅದು ಅವರ ಕಿವಿಯ ಲೆಕ್ಕ. ಅಂಕಿ ಕಡಿಮೆಯಾದಷ್ಟೂ ಕಿವಿ ಚುರುಕು.

ಮೂವತ್ತೊಂದು ಮಂದಿ ಬಂದಿದ್ದರು. ಬೇಳೆ ಜರಡಿ ಹಿಡಿಯುವ ಚಾಳಣಿಯ ಬಳಿ ನಿಲ್ಲುವ ಗಂಡಸೊಬ್ಬ ಎಲ್ಲ ಸದ್ದಿಗೂ ಕೊನೆಯತನಕ ಬೆರಳು ಎತ್ತಿಯೇ ಇದ್ದ. ನಿಮ್ಮ ಕಿವಿ ಮಕ್ಕಳ ಕಿವಿ ಇದ್ದಂಗ ಅದ ಎಂದು ಹೇಳಿ ಕಳಿಸಿದೆ. ಅವನು ಹೊರಗೆ ಹೋಗಿ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದುದು ಒಳಗೆ ಕೇಳುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಬಂದು ಕೂತಳು. ಯಂತ್ರದ ಬಾಯಿಗೆ ತೊಗರಿ ಸುರಿಯುವ ಕೆಲಸ ಅವಳದು, ಹದಿನಾಲ್ಕು ವರ್ಷದಿಂದ. ದಪ್ಪ ಸದ್ದಿಗೆ ಬೆರಳು ಎತ್ತಿದಳು. ತೆಳು ಸದ್ದಿಗೆ ಬಂದಾಗ ನಲವತ್ತಕ್ಕೆ ಸುಮ್ಮನಿದ್ದಳು. ಐವತ್ತು. ಎಪ್ಪತ್ತು. ತೊಂಬತ್ತು. ಪರದೆಯ ಮೇಲೆ ಅಂಕಿ ಏರುತ್ತಿತ್ತು, ಅವಳು ಬೆರಳು ಎತ್ತಲಿಲ್ಲ. ನೂರಕ್ಕೆ ತಲುಪಿದಾಗ ನನಗೆ ಪಾಪ ಅನ್ನಿಸಿತು. ಅವಳ ಹತ್ತಿರ ಬಗ್ಗಿ, ದನಿ ಎತ್ತರಿಸಿ, "ಏನೂ ಕೇಳಸವಲ್ದೇನ್ರಿ?" ಎಂದು ಕೇಳಿದೆ.

"ಸದ್ದೇ ಬರವಲ್ದ್ರಿ," ಎಂದಳು. ಆಮೇಲೆ ನನ್ನ ಮುಖ ನೋಡಿ, "ನೀವ್ ಯಾಕ್ರಿ ಒದರಾಕತ್ತೀರಿ? ನಿಮ್ಮ ಮಾತು ನನಗ ಕೇಳ್ತದ," ಎಂದಳು.

"ಮಾತು ಕೇಳೋದು ಬ್ಯಾರೆ, ಇದು ಬ್ಯಾರೆರಿ," ಎಂದೆ. ಇನ್ನೊಂದು ಸಲ ನೋಡೋಣ ಅನ್ನಲಿಲ್ಲ. ಅವಳ ಕಾಗದದ ಮೇಲೆ ‘ಸ್ಪಂದನೆ ಇಲ್ಲ’ ಎಂದು ಬರೆದೆ. ಅಂಥವರು ಒಟ್ಟು ಏಳು ಮಂದಿ ಆದರು. ಸಂಜೆ ಮಿಲ್ಲಿನ ಮ್ಯಾನೇಜರು, ಯಾರ್ಯಾರನ್ನು ದೊಡ್ಡ ಪರೀಕ್ಷೆಗೆ ಕಳಿಸಬೇಕು ಹೇಳ್ರಿ ಎಂದಾಗ ಡಾಕ್ಟರನ್ನು ಕೇಳದೆ ನಾನೇ ಒಂದು ಚೀಟಿಯ ಮೇಲೆ ಆ ಏಳು ಹೆಸರು ಬರೆದು ಕೊಟ್ಟೆ. ಹೊರಡುವಾಗ ಕೆಲಸಗಾರರು ವ್ಯಾನಿನ ಕಿಟಕಿಯಿಂದ ಕೆಂಪು ಬಾಳೆಹಣ್ಣಿನ ಒಂದು ಗೊನೆಯನ್ನೇ ಒಳಗೆ ಇಟ್ಟರು. ದಾರಿಯುದ್ದಕ್ಕೂ ಅದನ್ನು ತಿನ್ನುತ್ತ, ನಾನು ಬರೆದ ಡ್ರೈವರು ಒಂದು ಸಲವೂ ನಿಲ್ಲಲಿಲ್ಲ ನೋಡ್ರಿ ಎಂದು ಡಾಕ್ಟರಿಗೆ ಹೇಳುತ್ತ ಬಂದೆ.

ಬುಧವಾರ ಡಾಕ್ಟರ್ ಬಾಯಿಯವರು ಕಾಲೇಜಿಗೇ ಫೋನು ಮಾಡಿ ಕರೆಸಿದರು. ಹೋದಾಗ ಮೇಜಿನ ಮೇಲೆ ಮೂವತ್ತೊಂದು ಕಾಗದಗಳನ್ನು ಹರವಿಕೊಂಡು ಕೂತಿದ್ದರು.

"ಇಲ್ಲಿ ನೋಡ್ರಿ," ಎಂದರು. "ಈ ಕಡೆ ಇದ್ದವರದು ಭಾಳ ಛಲೋ ಕಿವಿ. ಈ ಕಡೆ ಇದ್ದವರಿಗೆ ಏನೂ ಕೇಳಂಗಿಲ್ಲ. ನಡು ಯಾರೂ ಇಲ್ಲ. ಇಪ್ಪತ್ತು ವರ್ಷ ಕಿವಿ ನೋಡೀನಿ ನಾ. ಗದ್ದಲದಾಗ ದುಡಿಯೋ ಮಂದೀದು ಕಿವಿ ಹಂತ ಹಂತವಾಗಿ ಹೋಗ್ತದ. ಸ್ವಲ್ಪ ಹೋದವರು ಇರಬೇಕು, ಅರ್ಧ ಹೋದವರು ಇರಬೇಕು. ಅವರೆಲ್ಲ ಎಲ್ಲಿ ಹೋದ್ರು?"

ಅವರೇ ಮುಂದುವರಿಸಿದರು. ಯಂತ್ರಕ್ಕೆ ತೊಗರಿ ಸುರಿಯುವ ಆ ಹೆಂಗಸು ನಿನ್ನೆ ಬಸ್ಸಿನಲ್ಲಿ ಬಂದಿದ್ದಳಂತೆ. ಡಾಕ್ಟರು ಕಿವಿಯ ಬಳಿ ಬಡಿದರೆ ಗುಂಯ್ ಎನ್ನುವ ಶ್ರುತಿಕವೆ ಹಿಡಿದು ನೋಡಿದ್ದರು. ಕಿವಿ ಮಂದವಾಗಿತ್ತು, ನಿಜ. ಆದರೆ ಪೂರಾ ಹೋಗಿರಲಿಲ್ಲ. ನಿಮ್ಮ ಕಾಗದ ಹೇಳುವಷ್ಟು ಖಂಡಿತ ಇಲ್ಲ ಎಂದರು.

"ನಿಮ್ಮ ಯಂತ್ರ ಸರಿ ಅದೇನು?" ಎಂದು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ನಾಟಿತು.

ಅಂದು ಸಂಜೆ ಚಾಚಾನನ್ನು ಕರೆದುಕೊಂಡು ಬಂದೆ. ಅವರು ಏನೂ ಕೇಳದೆ ಮೀಟರು ಹಚ್ಚಿ ಕೂತರು. ನಾನು ತೆಳು ಸದ್ದು ಆರಿಸಿ ನಲವತ್ತಕ್ಕೆ ಇಟ್ಟೆ. ಮುಳ್ಳು ಎದ್ದು ನಿಂತಿತು. ಐವತ್ತು ಎಂದೆ. ಅರವತ್ತು ಎಂದೆ. ತೊಂಬತ್ತು ಎಂದೆ.

"ನೀ ಏರಿಸ್ಲಾಕತ್ತೀ ಏನ್ ಬೇಟಿ?"

"ತೊಂಬತ್ತಕ್ಕ ಅದ ಚಾಚಾ."

"ಕಂಪ್ಯೂಟರಿನ್ಯಾಗ ಇರಬೇಕು. ಇಲ್ಲಿ ಮುಳ್ಳು ಅಲಗಾಡೇ ಇಲ್ಲ," ಎಂದರು. ಮೀಟರನ್ನು ನನ್ನ ಕಡೆ ತಿರುಗಿಸಿದರು. ಮುಳ್ಳು ಮೊದಲು ಎದ್ದಿದ್ದ ಜಾಗದಲ್ಲೇ ಅಲುಗಾಡದೆ ನಿಂತಿತ್ತು. ಹತ್ತಕ್ಕೆ ಇಳಿಸಿದೆ. ಆಗಲೂ ಅಲ್ಲೇ.

ಶಿಬಿರದಲ್ಲಿ ಏನಾಗಿತ್ತೆಂದು ನನಗೆ ಅರ್ಥವಾಯಿತು. ಸದ್ದು ಬದಲಾದಾಗ ಕಾರ್ಡು ತಾನಾಗಿಯೇ ಮೊದಲ ಜೋರನ್ನು ತೆಗೆದುಕೊಳ್ಳುತ್ತಿತ್ತು. ಅದಾದ ಮೇಲೆ ನಾನು ಏರಿಸಿದರೂ ಇಳಿಸಿದರೂ ಅದಕ್ಕೆ ಗೊತ್ತೇ ಆಗುತ್ತಿರಲಿಲ್ಲ. ಪರದೆ ಮಾತ್ರ ನಾನು ಕೇಳಿದ ಅಂಕಿಯನ್ನು ತೋರಿಸುತ್ತಿತ್ತು. ನಲವತ್ತಕ್ಕೆ ಕೇಳಿದವನಿಗೆ ಅದೇ ಸದ್ದು ಕೊನೆಯತನಕ ಕೇಳುತ್ತಲೇ ಇತ್ತು. ಅವನು ಮಕ್ಕಳ ಕಿವಿಯವನಾದ. ನಲವತ್ತಕ್ಕೆ ಕೇಳದ ಹೆಂಗಸಿಗೆ ನೂರರ ಸದ್ದು ತಲುಪಲೇ ಇಲ್ಲ. ಸದ್ದೇ ಬರುತ್ತಿಲ್ಲ ಎಂದು ಅವಳು ನಿಜವನ್ನೇ ಹೇಳಿದ್ದಳು.

ಆದರೆ ಮೊದಲು ಸರಿಯಿತ್ತಲ್ಲ? ಚಾಚಾನ ಸಿಗರೇಟು ಪ್ಯಾಕಿನ ಮೇಲೆ ಅಂಕಿಗಳಿದ್ದವು. ನಾನು ಬದಲಿಸಿದ್ದು ಒಂದೇ, ಪರದೆಯ ಮೇಲಿನ ಸಾಲುಗಳನ್ನು ತೆಗೆದದ್ದು. ಅವನ್ನು ಮತ್ತೆ ಸೇರಿಸಿ ನೋಡಿದೆ. ಮುಳ್ಳು ಮೆಟ್ಟಿಲು ಹತ್ತಿದ ಹಾಗೆ ಏರಿತು. ತೆಗೆದೆ. ಮುಳ್ಳು ನಿಂತಿತು.

"ಇದೇನು ಹಠಾ ಹಿಡದದ," ಎಂದರು ಚಾಚಾ. "ನೀ ನೋಡಿದ್ರ ಕೆಲಸ ಮಾಡ್ತದ, ನೋಡಲಿಲ್ಲಂದ್ರ ಸುಮ್ಮ ಕೂಡ್ತದ."

ಉತ್ತರ ಸಿಕ್ಕದ್ದು ಎರಡು ದಿನದ ಮೇಲೆ. ನಾವು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಇಳಿಸಿಕೊಡುವ ಕಂಪೈಲರ್ ಎಂಬುದೊಂದಿದೆ. ಅದು ಇಳಿಸಿಕೊಟ್ಟ ಸಾಲುಗಳನ್ನೇ ಕಾಗದಕ್ಕೆ ಅಚ್ಚು ಹಾಕಿ, ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೂತು ಒಂದೊಂದಾಗಿ ನನ್ನ ಸಾಲುಗಳ ಜೊತೆ ಹೊಂದಿಸಿ ನೋಡಿದೆ. ಅಪ್ಪಣೆಯ ಖಾನೆಗೆ ನಾನು ಒಂದು ಎಂದು ಬರೆದು, ಅದರ ಬೆನ್ನಿಗೇ ಎರಡು ಎಂದು ಬರೆದಿದ್ದೆ. ಅಚ್ಚಿನ ಕಾಗದದಲ್ಲಿ ಎರಡು ಎಂದು ಬರೆಯುವುದು ಮಾತ್ರ ಇತ್ತು. ಮೊದಲ ಸಾಲು ಇರಲೇ ಇಲ್ಲ.

ಕಂಪೈಲರಿನದು ತಪ್ಪಲ್ಲ. ಆ ವಿಳಾಸದಲ್ಲಿರುವುದು ಸಾದಾ ಮೆಮರಿ ಎಂದೇ ನಾನು ಅದಕ್ಕೆ ಹೇಳಿದ್ದೆ. ಸಾದಾ ಮೆಮರಿಯಲ್ಲಿ ಒಂದೇ ಜಾಗಕ್ಕೆ ಬೆನ್ನುಬೆನ್ನಿಗೆ ಎರಡು ಸಲ ಬರೆದರೆ ಕೊನೆಗೆ ಉಳಿಯುವುದು ಎರಡನೆಯದೇ. ಮೊದಲನೆಯದು ದಂಡ ಎಂದು ಅದು ಬಿಟ್ಟುಬಿಟ್ಟಿತ್ತು. ನಡುವೆ ಪರದೆಗೆ ಬರೆಯುವ ಸಾಲು ಇದ್ದಾಗ, ಅಷ್ಟರಲ್ಲಿ ಯಾರಾದರೂ ಅದನ್ನು ಓದಿಯಾರು ಎಂಬ ಅನುಮಾನಕ್ಕೆ ಎರಡನ್ನೂ ಇಟ್ಟುಕೊಂಡಿತ್ತು. ಇಂಥ ಜಾಗಕ್ಕೆ ಬರೆಯಲೆಂದೇ ಕರ್ನಲ್ಲಿನಲ್ಲಿ ಬೇರೆ ವಿಧಾನ ಇದೆ. ಅದನ್ನು ಬಳಸಿದರೆ ಕಂಪೈಲರು ಒಂದು ಅಕ್ಷರವನ್ನೂ ಬಿಡುವುದಿಲ್ಲ. ನಾನು ಜಾಗವನ್ನು ಪಟ್ಟಿಗೆ ಸೇರಿಸುವುದನ್ನು ಕಲಿತು, ಗೆದ್ದೆ ಅಂದುಕೊಂಡು, ಮುಂದಿನ ಪುಟ ಓದದೆ ಬಿಟ್ಟಿದ್ದೆ.

ತಿದ್ದಲು ಹತ್ತು ನಿಮಿಷ ಸಾಕಾಯಿತು. ಹೇಳುವುದೇ ಕಷ್ಟವಾಗಿತ್ತು. ಯಂತ್ರ ಕೆಟ್ಟಿತ್ತು ಎಂದರೆ ಡಾಕ್ಟರು ನಂಬುತ್ತಿದ್ದರು. ಇಯರ್‌ಫೋನಿನ ತಂತಿ ಎಂದರೂ ನಂಬುತ್ತಿದ್ದರು. ಮನೆಯಲ್ಲಿ ಊಟದ ಹೊತ್ತಿಗೆ ಆಯಿಗೆ ಎಲ್ಲವನ್ನೂ ಹೇಳಿದೆ. ಅವಳಿಗೆ ಕಂಪೈಲರೂ ಗೊತ್ತಿಲ್ಲ, ಕರ್ನಲ್ಲೂ ಗೊತ್ತಿಲ್ಲ. ಕೇಳಿದ್ದು ಇಷ್ಟೇ: "ಆ ಮಿಲ್ಲಿನ ಬಾಯಿಗೆ ಕಿವುಡಿ ಅಂತ ಬರದು ಕೊಟ್ಟಿಯೇನು ನೀನು?" ಹೌದು ಎಂದೆ. "ಮಗ ಸಾಂಗೂನ ಟಾಕ," ಎಂದಳು ಮರಾಠಿಯಲ್ಲಿ. "ಹಂಗಾರ ಹೋಗಿ ಹೇಳಿಬಿಡು," ಎಂದು ಇನ್ನೊಂದು ಜೋಳದ ಭಕ್ರಿ ತಟ್ಟೆಗೆ ಹಾಕಿದಳು.

ಮರುದಿನ ಡಾಕ್ಟರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಚೀಟಿ ಕೊಟ್ಟದ್ದನ್ನೂ ಹೇಳಿದೆ. ಅವರು ಪೆನ್ನಿಗೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು. "ಚೀಟಿ ಕೊಡಬಾರದಿತ್ತು," ಎಂದರು. ಆಮೇಲೆ, "ನಾಳೆ ಭಾನುವಾರ, ಮತ್ತ ಹೋಗೋಣು. ಎಲ್ಲಾ ಮೂವತ್ತೊಂದು ಮಂದೀದು ಮತ್ತ ಮಾಡೋದು. ಹಿಂದಿನ ಕಾಗದ ಒಂದೂ ಉಳೀಬಾರದು. ನಾನೇ ಅವರ ಮುಂದ ಹೇಳ್ತೀನಿ," ಎಂದರು.

"ಇಲ್ರಿ, ನಾ ಹೇಳ್ತೀನಿ," ಎಂದೆ.

ಚಾಚಾ ಈ ಸಲ ಜೊತೆಗೆ ಬಂದರು. ಶಾಲೆಯ ಅಂಗಳದಲ್ಲಿ ಎಲ್ಲರೂ ಕೂತಿದ್ದರು. ನಾನು ಎದ್ದು ನಿಂತೆ. ಹೋದ ಸಲ ನಿಮ್ಮ ಕಿವಿಯಲ್ಲಿ ತಪ್ಪಿರಲಿಲ್ಲ, ನಾನು ಬರೆದ ಪ್ರೋಗ್ರಾಮಿನಲ್ಲಿ ತಪ್ಪಿತ್ತು, ಯಾರಿಗೆ ಛಲೋ ಅಂದೆನೋ ಅವರದೂ ಸುಳ್ಳು, ಯಾರಿಗೆ ಕೇಳಂಗಿಲ್ಲ ಅಂದೆನೋ ಅವರದೂ ಸುಳ್ಳು ಎಂದು ಹೇಳಿದೆ. ಮಕ್ಕಳ ಕಿವಿಯವನು ತಲೆ ತುರಿಸಿಕೊಂಡ. ಆ ಹೆಂಗಸು ಹಿಂದಿನ ಸಾಲಿನಲ್ಲಿ ಕೂತಿದ್ದಳು. ಅವಳೇ ಎದ್ದಳು.

"ನಿಮ್ಮ ಚೀಟಿ ನೋಡಿ ನನ್ನ ಮಷೀನಿನ ಮುಂದಿಂದ ತಗದಾರ್ರಿ," ಎಂದಳು. "ಕಿವುಡಿ ತಿರಗೋ ಪಟ್ಟಾಕ ಸಿಕ್ಕೊಂಡು ಸತ್ತರ ಯಾರಿಗ ಬೇಕು ಅಂದ್ರು. ಆರು ದಿನ ಆತು, ಅಂಗಳದ ಕಸಾ ಹೊಡಿಯಾಕ ಹಚ್ಚ್ಯಾರ."

ತಪ್ಪಾಯಿತು ಎಂದೆ. ಅವಳು ಒಪ್ಪಿದಳೋ ಇಲ್ಲವೋ ತಿಳಿಯಲಿಲ್ಲ, ಆದರೆ ಪರೀಕ್ಷೆಗೆ ಮೊದಲು ಬಂದು ಕೂತವಳು ಅವಳೇ.

ನಾನು ನಲವತ್ತಕ್ಕೆ ಶುರು ಮಾಡಿದೆ. ಅವಳು ಸುಮ್ಮನಿದ್ದಳು. ಐವತ್ತಕ್ಕೆ ಕಣ್ಣು ಮುಚ್ಚಿಕೊಂಡಳು. ಅರವತ್ತಕ್ಕೆ ಬೆರಳು ಎದ್ದಿತು. ಚಾಚಾ ಬದಿಯಲ್ಲಿ ಇನ್ನೊಂದು ತಂತಿಗೆ ಮೀಟರು ಹಚ್ಚಿಕೊಂಡು ಪ್ರತಿ ಅಂಕಿಗೂ ತಲೆ ಆಡಿಸುತ್ತಿದ್ದರು. ಈ ಸಲ ಐದರಷ್ಟೇ ಇಳಿಸಿದೆ: ಐವತ್ತೈದು, ಬೆರಳು ಎದ್ದಿತು. ಐವತ್ತು, ಇಲ್ಲ. ಅವಳ ಕಾಗದದ ಮೇಲೆ ಐವತ್ತೈದು ಎಂದು ಬರೆದು, ಅವಳಿಗೇ ತೋರಿಸಿದೆ. "ಅರ್ಧ ಅದ ಅಂದಂಗಾತು," ಎಂದಳು. ಹೌದು, ಅರ್ಧ ಇದೆ ಎಂದೆ. "ಅರ್ಧ ಇದ್ರ ಸಾಕಲ್ರಿ ದುಡಿಯಾಕ," ಎಂದಳು ಮ್ಯಾನೇಜರ ಕಡೆ ನೋಡಿ.

ಅಂದು ಸಂಜೆಗೆ ಕಾಗದಗಳು ಮೇಜಿನ ಮೇಲೆ ಬೇರೆ ರೀತಿ ಹರಡಿಕೊಂಡವು. ಡಾಕ್ಟರು ಹೇಳಿದ್ದ ನಡುವಿನ ಮಂದಿ ಅಲ್ಲಿದ್ದರು. ಮಕ್ಕಳ ಕಿವಿಯವನದು ಮೂವತ್ತಕ್ಕೆ ಬಂದು ನಿಂತಿತ್ತು, ಅಂದರೆ ಸ್ವಲ್ಪ ಮಂದವಾಗತೊಡಗಿತ್ತು. ಈಗಲೇ ಗೊತ್ತಾದದ್ದು ಒಳ್ಳೆಯದಾಯಿತು, ಇನ್ನು ಮುಂದೆ ಕಾಪಾಡಿಕೊಳ್ಳಬಹುದು ಎಂದು ಡಾಕ್ಟರು ಅವನನ್ನು ಕೂರಿಸಿಕೊಂಡು ಹೇಳಿದರು. ಏನೂ ಕೇಳದವರು ಎಂದು ನಾನು ಬರೆದ ಏಳು ಮಂದಿಯಲ್ಲಿ ನಿಜವಾಗಿ ಪೂರಾ ಕಿವಿ ಹೋದವರು ಒಬ್ಬರೂ ಇರಲಿಲ್ಲ. ಡಾಕ್ಟರು ಮ್ಯಾನೇಜರನ್ನು ಅಂಗಳದ ಮೂಲೆಗೆ ಕರೆದುಕೊಂಡು ಹೋಗಿ ಬಹಳ ಹೊತ್ತು ಮಾತಾಡಿದರು. ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ತಿರುಗಿ ಬರುವಾಗ ಮ್ಯಾನೇಜರ ಮುಖ ಸಣ್ಣದಾಗಿತ್ತು. ಮರುದಿನದಿಂದ ಆ ಹೆಂಗಸನ್ನು ಮಷೀನಿಗೆ ವಾಪಸು ಹಾಕಿದರು. ಯಂತ್ರದ ಬಳಿ ನಿಲ್ಲುವವರಿಗೆ ಕಿವಿಯಲ್ಲಿ ಹಾಕಿಕೊಳ್ಳುವ ರಬ್ಬರಿನ ಬಿರಡೆಗಳೂ ಬಂದವು. ಮೊದಮೊದಲು ಯಾರೂ ಹಾಕಿಕೊಳ್ಳಲಿಲ್ಲ ಎಂದು ಕೇಳಿದೆ. ಕಿವಿ ಮೂವತ್ತಕ್ಕೆ ಬಂದು ನಿಂತವನು ಹಾಕಿಕೊಂಡ. ಅವನನ್ನು ನೋಡಿ ಉಳಿದವರೂ ಹಾಕಿಕೊಂಡರು.

ಆ ವರ್ಷದಿಂದ ನನ್ನ ಕ್ಲಾಸು ಬದಲಾಯಿತು. ಡಾಕ್ಟರು ಹಳೆಯದೊಂದು ಕಾರ್ಡನ್ನು ಕಾಲೇಜಿಗೆ ಕೊಟ್ಟರು. ಚಾಚಾ ಅದಕ್ಕೆ ಎಂಟು ಪುಟ್ಟ ದೀಪಗಳನ್ನು ಬೆಸೆದರು. ಹುಡುಗ ಹುಡುಗಿಯರು ತಾವೇ ಡ್ರೈವರು ಬರೆದು ಅವನ್ನು ಹಚ್ಚಬೇಕು. ಮೊದಲ ದಿನ ಎಲ್ಲರ ಕಂಪ್ಯೂಟರೂ ನಿಂತುಹೋಗುತ್ತದೆ. ನಿಲ್ಲಲಿ ಎಂದು ಬಿಡುತ್ತೇನೆ. ದೀಪ ಹತ್ತಿದ ಮೇಲೆ ಚಪ್ಪಾಳೆ ಹೊಡೆಯುವ ಮೊದಲು ಮೀಟರು ಹಚ್ಚಿ ಎಂದು ಹೇಳುತ್ತೇನೆ. ಬೋರ್ಡಿನ ಮೇಲಿನ ಬಾಣದ ಗುರುತಿನ ಚಿತ್ರವನ್ನು ಈಗಲೂ ಬರೆಯುತ್ತೇನೆ, ಆದರೆ ಅದು ಕೊನೆಯ ದಿನ.

ಆ ಹೆಂಗಸು ಆರು ತಿಂಗಳ ಮೇಲೆ ಒಂದು ದಿನ ಆಸ್ಪತ್ರೆಯಲ್ಲಿ ಸಿಕ್ಕಳು. ಆಯಿಯ ಜೊತೆ ನಾನು ಬೆಂಚಿನ ಮೇಲೆ ಕೂತಿದ್ದೆ. ಡಾಕ್ಟರು ಯಾರದೋ ಸಹಾಯದಿಂದ ಅವಳಿಗೆ ಕಿವಿಯ ಯಂತ್ರ ಕೊಡಿಸಿದ್ದರು. ಅದರ ಬ್ಯಾಟರಿಗಾಗಿ ಬಂದಿದ್ದಳು. ನನ್ನ ಗುರುತು ಹಿಡಿದು ಪಕ್ಕಕ್ಕೆ ಬಂದು ಕೂತಳು.

"ಹೆಂಗ ಅದರಿ ಈಗ?" ಎಂದು ಕೇಳಿದೆ. ದನಿ ಎತ್ತರಿಸದೆ ಕೇಳಿದೆ.

"ಅಯ್ಯ, ಮನ್ಯಾಗ ಎಲ್ಲಾರೂ ಎಷ್ಟ್ ಒದರತಾರ್ರಿ," ಎಂದಳು. "ಇಷ್ಟ್ ದಿನ ನನ್ನ ಸಲುವಾಗಿ ಒದರಿ ಒದರಿ ಅದೇ ರೂಢಿ ಆಗ್ಯಾದ ಅವರಿಗೆ. ಭಾಂಡೆ ತಿಕ್ಕೋ ಸದ್ದಂತೂ ತಲಿ ಒಡೀತದ. ನಾನೇ ಈಗ ದಿನಾ ಹೇಳ್ತೀನಿ, ಸಣ್ಣಗ ಮಾತಾಡ್ರಿ, ಕೇಳ್ತದ ನನಗ, ಸಣ್ಣಗ ಮಾತಾಡ್ರಿ ಅಂತ."

ಆಯಿ ಅದನ್ನು ಕೇಳಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಅವಳೂ ನಕ್ಕಳು. ಒಳಗಿನಿಂದ ಡಾಕ್ಟರು ಅವಳ ಹೆಸರು ಕರೆದರು, ಸಾದಾ ದನಿಯಲ್ಲಿ, ಒಂದೇ ಸಲ. ಅವಳು ಎದ್ದು ಒಳಗೆ ಹೋದಳು.